ಉಗುರು ಬಿದ್ದರೆ ಜ್ವರದ ತಾರೀಖು ಕೇಳಿ

ಉಗುರು ಬೀಳುವ ಹೊತ್ತಿಗೆ ಜ್ವರ ಮರೆತುಹೋಗಿರುತ್ತದೆ. ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ. ಮಳೆಗಾಲ ಮುಗಿಯುತ್ತ ಬಂದಂತೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಯಾವುದಾದರೂ ತಾಯಿ ಮೂರು ವರ್ಷದ ಮಗುವಿನ ಕೈ ಮುಂದೆ ಹಿಡಿದು, ‘ಉಗುರು ಬುಡದಿಂದ ಎದ್ದು ಬರಾಕತ್ತಾವ್ರಿ, ಪೆಟ್ಟು ಬಿದ್ದಿಲ್ಲ, ನೋವೂ ಇಲ್ಲ ಅಂತಾನ’ ಎಂದರೆ, ಕೇಳಿದವರ ಬಾಯಿಗೆ ಬರುವ ಉತ್ತರಗಳು ಮೂರು: ಕ್ಯಾಲ್ಸಿಯಂ ಕಮ್ಮಿ, ಫಂಗಸ್, ಇಲ್ಲವೆ ದೃಷ್ಟಿ. ಮೂರೂ ಇಂದಿನ ಉಗುರನ್ನು ನೋಡಿ ಹೇಳಿದ ಮಾತು. ಕಾರಣ ಇರುವುದು ಒಂದೂವರೆ ತಿಂಗಳ ಹಿಂದೆ.

ಉಗುರು ಬೆಳೆಯುವುದು ತುದಿಯಲ್ಲಲ್ಲ, ಬುಡದಲ್ಲಿ. ಬುಡದ ಚರ್ಮದ ಮಡಿಕೆಯ ಕೆಳಗೆ ಕಣ್ಣಿಗೆ ಕಾಣದಂತೆ ಉಗುರಿನ ಬೇರು ಇರುತ್ತದೆ. ಹೆಬ್ಬೆರಳಿನಲ್ಲಿ ಕಾಣುವ ಬಿಳಿ ಅರ್ಧಚಂದ್ರ ಆ ಬೇರಿನ ಮುಂಭಾಗ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ, ಕಾಲಿನದು 1 ಮಿಲಿಮೀಟರ್ ಆಸುಪಾಸು. ನಂಬಿಕೆ ಬಾರದಿದ್ದರೆ ಪಂಚಮಿಗೆ ಮದರಂಗಿ ಹಚ್ಚಿಕೊಂಡ ಹುಡುಗಿಯ ಕೈಯನ್ನು ದಸರೆಯಲ್ಲಿ ನೋಡಬೇಕು. ಅಂಗೈಯ ಬಣ್ಣ ಹೋಗಿ ಎಷ್ಟೋ ದಿನವಾಗಿರುತ್ತದೆ, ಉಗುರಿನದು ಉಳಿದಿರುತ್ತದೆ. ಆದರೆ ಬುಡದಲ್ಲಿ ಬಿಳಿ ಜಾಗ ಬಿಟ್ಟು ಕೆಂಪು ತುದಿಗೆ ಸರಿದಿರುತ್ತದೆ. ಆ ಬಿಳಿ ಜಾಗವೇ ಎರಡು ತಿಂಗಳ ಬೆಳವಣಿಗೆ. ಯಾವ ಯಂತ್ರವೂ ಇಲ್ಲದೆ ಅಳೆಯಬಹುದು.

ದೇಹಕ್ಕೆ ಜೋರಾದ ಕಾಯಿಲೆ ಬಂದಾಗ ಈ ಬೇರು ಕೆಲಸ ನಿಧಾನಿಸುತ್ತದೆ, ಕೆಲವೊಮ್ಮೆ ಪೂರ್ತಿ ನಿಲ್ಲಿಸುತ್ತದೆ. ನಿಧಾನಿಸಿದರೆ ಉಗುರಿಗೆ ಅಡ್ಡಲಾಗಿ ಒಂದು ತಗ್ಗು ಗೆರೆ ಬೀಳುತ್ತದೆ. 1846ರಲ್ಲಿ ಫ್ರಾನ್ಸಿನ ವೈದ್ಯ ಜೋಸೆಫ್ ಬೋ ಇದನ್ನು ವಿವರಿಸಿದ್ದರಿಂದ ವೈದ್ಯರು ಇಂದಿಗೂ ‘ಬೋ ಗೆರೆ’ ಎನ್ನುತ್ತಾರೆ. ಪೂರ್ತಿ ನಿಂತರೆ ಹಳೆಯ ಉಗುರಿಗೂ ಹೊಸದಕ್ಕೂ ಸಂಬಂಧವೇ ಕಡಿದು, ಹಳೆಯದು ಬುಡದಿಂದ ಎದ್ದು ಉದುರುತ್ತದೆ. ಇದಕ್ಕೆ ಆನಿಕೋಮಡೀಸಿಸ್ ಎಂಬ ಬಾಯಿ ತಿರುಗದ ಹೆಸರಿದೆ. ಎರಡೂ ಬೇರೆ ಬೇರೆ ರೋಗಗಳಲ್ಲ, ಒಂದೇ ತಡೆಯ ಹೆಚ್ಚು–ಕಡಿಮೆ. ಬಿತ್ತುವಾಗ ಕೂರಿಗೆಯ ಒಂದು ತಾಳು ಅರೆಗಳಿಗೆ ಕಟ್ಟಿಕೊಂಡರೆ ಆ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ, ಮೊಳಕೆ ಎದ್ದ ಮೇಲೆ ಸಾಲಿನಲ್ಲಿ ಖಾಲಿ ಕಾಣುತ್ತದೆ. ಉಗುರಿನ ಕಥೆಯೂ ಹಾಗೆಯೇ. ಬೇರು ಚರ್ಮದಡಿ ಅಡಗಿರುವುದರಿಂದ ಅಲ್ಲಿ ಬಿದ್ದ ಗೆರೆ ಹೊರಗೆ ಇಣುಕಲು ತಿಂಗಳ ಹತ್ತಿರ ಬೇಕು. ಅಲ್ಲಿಂದ ಮುಂದೆ ದಿನಕ್ಕೆ 0.1 ಮಿಲಿಮೀಟರ್ ಲೆಕ್ಕ. ಕೈ ಹೆಬ್ಬೆರಳಿನಲ್ಲಿ ಗೆರೆ ಬುಡದ ಚರ್ಮದಿಂದ 2 ಮಿಲಿಮೀಟರ್ ಮುಂದಿದ್ದರೆ, ಇಪ್ಪತ್ತು ದಿನಕ್ಕೆ ಒಂದು ತಿಂಗಳು ಕೂಡಿಸಿ, ಏಳು ವಾರದ ಹಿಂದೆ ಮಗುವಿಗೆ ಏನೋ ಆಗಿತ್ತು ಎನ್ನಬಹುದು. ಚಿಕ್ಕ ಮಕ್ಕಳ ಉಗುರು ತುಸು ಬೇಗ ಬೆಳೆಯುವುದರಿಂದ ಒಂದು ವಾರ ಹಿಂದೆ ಮುಂದೆ ಆದೀತು.

ಆ ‘ಏನೋ’ ಬಹುಪಾಲು ಸಲ ಕೈ-ಕಾಲು-ಬಾಯಿ ರೋಗ. ಐದು ವರ್ಷದೊಳಗಿನ ಮಕ್ಕಳಿಗೆ ಹೆಚ್ಚು. ಒಂದೆರಡು ದಿನ ಜ್ವರ, ಬಾಯೊಳಗೆ ಹುಣ್ಣು, ಅಂಗೈ, ಅಂಗಾಲು, ಮೊಣಕಾಲು, ಕುಂಡಿಯ ಮೇಲೆ ಗುಳ್ಳೆ, ವಾರ–ಹತ್ತು ದಿನದಲ್ಲಿ ವಾಸಿ. ಹೆಸರು ಕೇಳಿದ ಕೂಡಲೆ ರೈತರ ಮನೆಯಲ್ಲಿ ದನದ ಕಾಲುಬಾಯಿ ಬೇನೆ ನೆನಪಾಗುತ್ತದೆ. ದನದ್ದೇ ಬೇರೆ ವೈರಾಣು, ಕೊಟ್ಟಿಗೆಯಿಂದ ಈ ರೋಗ ತೊಟ್ಟಿಲಿಗೆ ಬರುವುದಿಲ್ಲ. ಮಕ್ಕಳಿಗೆ ಬರುವುದು ಕರುಳಿನಲ್ಲಿ ಬೆಳೆಯುವ ಎಂಟೆರೋವೈರಾಣುಗಳಿಂದ, ಅದರಲ್ಲೂ ಕಾಕ್ಸಾಕಿ ಎ16, ಕಾಕ್ಸಾಕಿ ಎ6, ಎಂಟೆರೋವೈರಾಣು 71 ಎಂಬ ತಳಿಗಳಿಂದ. ಕಾಕ್ಸಾಕಿ ಎನ್ನುವುದು ನ್ಯೂಯಾರ್ಕ್ ರಾಜ್ಯದ ಒಂದು ಊರು. ಈ ಗುಂಪಿನ ವೈರಾಣು 1948ರಲ್ಲಿ ಮೊದಲು ಸಿಕ್ಕಿದ್ದು ಆ ಊರಿನ ಮಕ್ಕಳಲ್ಲಿ.

ರೋಗ 1950ರ ದಶಕದಿಂದಲೇ ವೈದ್ಯರಿಗೆ ಗೊತ್ತಿತ್ತು, ಉಗುರಿನ ನಂಟು ಮಾತ್ರ ಬಹಳ ತಡವಾಗಿ ಹೊಳೆಯಿತು. 2000ದಲ್ಲಿ ಷಿಕಾಗೋದ ಚರ್ಮವೈದ್ಯರಾದ ಕ್ಲೆಮೆಂಟ್ಸ್ ಮತ್ತು ಮ್ಯಾನ್ಸಿನಿ ಐದು ಮಕ್ಕಳ ವಿವರ ಪ್ರಕಟಿಸಿದರು. ಎಲ್ಲರಿಗೂ ಮೂರರಿಂದ ಎಂಟು ವಾರದ ಹಿಂದೆ ಕೈ-ಕಾಲು-ಬಾಯಿ ರೋಗ ಬಂದುಹೋಗಿತ್ತು. ಐದೇ ಮಕ್ಕಳಾದ್ದರಿಂದ ಕಾಕತಾಳೀಯ ಎನ್ನಬಹುದಿತ್ತು. 2008ರಲ್ಲಿ ಆ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಆ ವರ್ಷ ಸ್ಪೇನಿನ ವಲೆನ್ಸಿಯಾದಲ್ಲಿ ಗುಂಪುಗುಂಪಾಗಿ ಮಕ್ಕಳ ಉಗುರು ಉದುರಿದವು. ಅದೇ ವರ್ಷದ ಕೊನೆಗೆ ಫಿನ್‌ಲೆಂಡಿನಲ್ಲೂ ಹಾಗೆಯೇ ಆಯಿತು. ಫಿನ್‌ಲೆಂಡಿನವರು ಮಕ್ಕಳ ಗುಳ್ಳೆಯ ನೀರಿನಲ್ಲಿ ಕಾಕ್ಸಾಕಿ ಎ6 ಕಂಡರು, ಅಷ್ಟಕ್ಕೆ ಬಿಡದೆ ಉದುರಿದ ಉಗುರಿನ ಚೂರುಗಳನ್ನೂ ಪರೀಕ್ಷಿಸಿದರು. ಅದರಲ್ಲೂ ಎಂಟೆರೋವೈರಾಣುವಿನ ಗುರುತು ಸಿಕ್ಕಿತು. ಮುಂದೆ ಜಪಾನ್, ತೈವಾನ್‌ನಲ್ಲಿ ಎ6 ಹಬ್ಬಿದಾಗಲೂ ಅಂಗೈ ಸಿಪ್ಪೆ ಸುಲಿಯುವುದು, ಉಗುರು ಬೀಳುವುದು ಬೆನ್ನಿಗೇ ಬಂದವು.

ಭಾರತದಲ್ಲಿ ಈ ರೋಗ ಮೊದಲು ದಾಖಲಾದದ್ದು 2003ರಲ್ಲಿ, ಕೇರಳದ ಕಲ್ಲಿಕೋಟೆಯಲ್ಲಿ. ಆಮೇಲೆ ಒಡಿಶಾ, ತಮಿಳುನಾಡು, ಪಶ್ಚಿಮ ಬಂಗಾಳದಿಂದಲೂ ವರದಿಗಳು ಬಂದವು. 2009–10ರ ಮಾದರಿಗಳನ್ನು ನೋಡಿದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಎ16 ಮತ್ತು ಎ6 ಎರಡೂ ನಮ್ಮ ದೇಶದಲ್ಲಿ ಓಡಾಡುತ್ತಿವೆ ಎಂದು ತೋರಿಸಿದರು. ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಮಾತ್ರ ಅದು ಬಂದದ್ದು 2022ರಲ್ಲಿ, ‘ಟೊಮೆಟೊ ಜ್ವರ’ ಎಂಬ ವೇಷದಲ್ಲಿ. ಆ ವರ್ಷದ ಮೇ 6ರಂದು ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಮೊದಲು ಗುರುತಾಗಿ, ಜುಲೈ 26ರ ಹೊತ್ತಿಗೆ ಐದು ವರ್ಷದೊಳಗಿನ 82 ಮಕ್ಕಳು ದಾಖಲಾಗಿದ್ದರು. ಕರ್ನಾಟಕ ಗಡಿಜಿಲ್ಲೆಗಳಲ್ಲಿ ನಿಗಾ ಇಡಲು ಹೇಳಿತು, ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸೂಚನೆ ಹೊರಡಿಸಿತು. ಕೇರಳಕ್ಕೆ ಬಂದುಹೋದ ಬ್ರಿಟನ್ನಿನ ಇಬ್ಬರು ಮಕ್ಕಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಅದೇ ಹಳೆಯ ಕಾಕ್ಸಾಕಿ ಎ16. ಹೊಸ ಹೆಸರಿನಿಂದ ಭಯ ಹಬ್ಬಿತು. ಆದರೆ ಭಯದ ಆ ತಿಂಗಳುಗಳಲ್ಲಿ ‘ಮುಂದೆ ಉಗುರು ಬೀಳಬಹುದು, ಹೆದರಬೇಡಿ’ ಎಂಬ ಒಂದು ಸಾಲನ್ನೂ ಜೊತೆಗೆ ಅಚ್ಚು ಮಾಡಿದ್ದರೆ ಎಷ್ಟೋ ತಾಯಂದಿರಿಗೆ ಆಸ್ಪತ್ರೆಯ ಓಡಾಟ ತಪ್ಪುತ್ತಿತ್ತು.

ಬೇರು ಏಕೆ ನಿಲ್ಲುತ್ತದೆ ಎಂಬುದರಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ. ಜ್ವರದ ಕಾವಿಗೆ ಎನ್ನುವವರಿದ್ದಾರೆ, ಉಗುರಿನ ಬುಡದಲ್ಲೇ ಗುಳ್ಳೆ ಎದ್ದು ಉರಿಯೂತವಾಗುವುದರಿಂದ ಎನ್ನುವವರಿದ್ದಾರೆ, ವೈರಾಣುವೇ ಬೇರಿನೊಳಗೆ ಬೆಳೆದು ಕೆಡಿಸುತ್ತದೆ ಎನ್ನುವವರೂ ಇದ್ದಾರೆ. ಕಾವಿನ ವಾದ ನನಗೆ ಸಾಲದೆನಿಸುತ್ತದೆ. ಇದಕ್ಕಿಂತ ಜೋರು ಜ್ವರ ಬಂದ ಎಷ್ಟೋ ಮಕ್ಕಳ ಉಗುರಿಗೆ ಏನೂ ಆಗುವುದಿಲ್ಲ, ಇಲ್ಲಿ ಮೈ ಬೆಚ್ಚಗಾಗಿ ಹೋದ ಮಗುವಿನ ಉಗುರೂ ಬೀಳುತ್ತದೆ. ಬೆರಳಲ್ಲಿ ಒಂದೂ ಗುಳ್ಳೆ ಇಲ್ಲದಿದ್ದರೂ ಬೀಳುವುದುಂಟು. ಎ6 ತಳಿಯ ಹಿಂದೆಯೇ ಹೆಚ್ಚಾಗಿ ಕಾಣುವುದು ಮತ್ತು ಉಗುರಿನ ಚೂರಿನಲ್ಲಿ ವೈರಾಣು ಸಿಕ್ಕಿದ್ದು, ಇವೆರಡೂ ಮೂರನೆಯ ವಾದದ ಕಡೆ ತೂಗುತ್ತವೆ.

ಎ6ಗೆ ಇನ್ನೊಂದು ಚಾಳಿಯಿದೆ. ಗುಳ್ಳೆಗಳು ಅಂಗೈ–ಅಂಗಾಲಿನಲ್ಲಿ ನಿಲ್ಲದೆ ಬಾಯಿಯ ಸುತ್ತ, ತೋಳು, ತೊಡೆಯವರೆಗೂ ಹರಡುತ್ತವೆ. ನಮ್ಮ ಹಳ್ಳಿಗಳಲ್ಲಿ ಅದನ್ನು ನೋಡಿದ ಅಜ್ಜಿ ಹೇಳುವುದು ಒಂದೇ ಮಾತು: ‘ಅಮ್ಮ ಬಂದಾಳ.’ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಒಲೆಯ ಮೇಲೆ ಒಗ್ಗರಣೆ ಚಟಪಟ ಎನ್ನುವುದಿಲ್ಲ, ಮಗುವಿಗೆ ಮೊಸರನ್ನ. ನಿಜ ಹೇಳಬೇಕೆಂದರೆ ಇದರಲ್ಲಿ ಕೆಡುಕು ಕಮ್ಮಿ. ಹುಣ್ಣಾದ ಬಾಯಿಗೆ ತಣ್ಣನೆಯ ಮೊಸರನ್ನಕ್ಕಿಂತ ಒಳ್ಳೆಯದು ಯಾವುದಿದೆ? ಮಗು ಬೇರೆಯವರ ಮನೆಗೆ ಹೋಗದೆ ಒಳಗೇ ಇರುತ್ತದೆ, ಅದೂ ಒಳ್ಳೆಯದೇ. ಕೈ-ಕಾಲು-ಬಾಯಿ ರೋಗಕ್ಕೆ ಬೇರೆ ಔಷಧಿಯೇನೂ ಇಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ಬಾಯಿಗೆ ನೀರು, ಮಜ್ಜಿಗೆ, ಅಂಬಲಿ, ಅಷ್ಟೇ. ನೀರನ್ನೂ ಕುಡಿಯದೆ ಉಚ್ಚೆ ಕಮ್ಮಿಯಾದರೆ ಮಾತ್ರ ತಡಮಾಡಬಾರದು. ಮಗು ನಿದ್ದೆಯಲ್ಲಿ ಬೆಚ್ಚಿಬೆಚ್ಚಿ ಬೀಳುವುದು, ಎಬ್ಬಿಸಿದರೂ ಮಂಕಾಗಿರುವುದು, ಬಿಡದ ವಾಂತಿ, ನಡೆಯುವಾಗ ತೂರಾಡುವುದು ಕಂಡರೆ ಅದು ಎಂಟೆರೋವೈರಾಣು 71 ಮಿದುಳಿಗೆ ಏರಿದ ಸೂಚನೆ ಇರಬಹುದು. ಆಗ ಅಮ್ಮನಿಗೆ ಹರಕೆ ಹೊತ್ತುಕೊಂಡೇ ತಾಲ್ಲೂಕು ಆಸ್ಪತ್ರೆಗೆ ಓಡಬೇಕು.

ತೊಂದರೆ ಎಲ್ಲೆಂದರೆ, ‘ಅಮ್ಮ’ ಎಂದು ಕರೆದಮೇಲೆ ಸೀತಾಳೆ ಸಿಡುಬು, ದಡಾರ, ಕೈ-ಕಾಲು-ಬಾಯಿ ರೋಗ ಎಲ್ಲವೂ ಒಂದೇ ಆಗಿಬಿಡುತ್ತವೆ. ಎರಡು ತಿಂಗಳ ಮೇಲೆ ವೈದ್ಯರು ಕೇಳಿದಾಗ ‘ಅಮ್ಮ ಆಗಿತ್ತು’ ಎಂಬ ಉತ್ತರವೂ ಅರ್ಧವೇ. ‘ಗುಳ್ಳೆ ಎಲ್ಲಿ ಎದ್ದಿದ್ವು?’ ಎಂದು ಮತ್ತೆ ಕೇಳಬೇಕು. ಹೊಟ್ಟೆ–ಬೆನ್ನಿನ ಮೇಲೆ ದಟ್ಟವಾಗಿ, ತುರಿಕೆಯೊಂದಿಗೆ, ಹೊಸದು ಹಳೆಯದು ಒಟ್ಟಿಗೇ ಇದ್ದರೆ ಸೀತಾಳೆ ಸಿಡುಬು. ಅಂಗೈ, ಅಂಗಾಲು, ಬಾಯಿ ಎಂದರೆ ಕೈ-ಕಾಲು-ಬಾಯಿ ರೋಗ. ದಿನ ಕೇಳುವುದಕ್ಕೆ ಕ್ಯಾಲೆಂಡರ್ ತೋರಿಸಿ ಫಲವಿಲ್ಲ. ‘ಪಂಚಮಿ ಮುಂದೋ, ಹಿಂದೋ?’ ‘ನಾಟಿ ಮಾಡುವಾಗ ಇತ್ತಾ?’ ಎಂದರೆ ಕರಾರುವಾಕ್ಕಾದ ಉತ್ತರ ಬರುತ್ತದೆ.

ಬೇರೆ ವೈರಾಣುಗಳೂ ಉಗುರಿನ ಮೇಲೆ ಕೈಯಾಡಿಸುತ್ತವೆ. ಸೀತಾಳೆ ಸಿಡುಬು ಮತ್ತು ದಡಾರದ ಮೇಲೆ ಬೋ ಗೆರೆ ಬೀಳಬಹುದು. ಜೋರಾದ ಡೆಂಗೆಯ ನಂತರವೂ, ಕೋವಿಡ್ ನಂತರವೂ ಹಾಗೆಯೇ. 2006ರಲ್ಲಿ ರಾಜ್ಯವನ್ನು ಹಿಂಡಿದ ಚಿಕುನ್‌ಗುನ್ಯದಲ್ಲಿ ಗೆರೆಗಿಂತ ಕಂದು ಬಣ್ಣ ಮುಖ್ಯ. ಮೂಗಿನ ತುದಿ ಕಪ್ಪಾದಂತೆ ಉಗುರೂ ಕಪ್ಪಾಗಿ, ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಇವೆಲ್ಲವೂ ತಾವಾಗಿ ಹೋಗುವಂಥವು. ಹಗುರವಾಗಿ ಬಿಡಬಾರದ್ದು ವೈರಾಣುವಿನದೆಂದು ಖಚಿತವಾಗದ ಒಂದು: ಕಾವಾಸಾಕಿ ರೋಗ. ಐದು ದಿನಕ್ಕೂ ಮೀರಿ ಬಿಡದ ಜ್ವರ, ಕೀವಿಲ್ಲದೆ ಕೆಂಪಾದ ಕಣ್ಣು, ಒಡೆದ ಕೆಂಪು ತುಟಿ, ಎರಡು–ಮೂರು ವಾರಕ್ಕೆ ಬೆರಳ ತುದಿಯ ಸಿಪ್ಪೆ ಸುಲಿದದ್ದು, ಆಮೇಲೆ ಉಗುರಿನಲ್ಲಿ ಅಡ್ಡ ಗೆರೆ. ಈ ಕ್ರಮದಲ್ಲಿ ತಾಯಿ ಹೇಳಿದರೆ, ಉಗುರನ್ನು ಬಿಟ್ಟು ಮಗುವಿನ ಹೃದಯದ ಎಕೋ ಮಾಡಿಸಬೇಕು. ಆ ರೋಗ ಹೃದಯದ ರಕ್ತನಾಳಗಳನ್ನು ಉಬ್ಬಿಸುತ್ತದೆ. ತಡವಾಗಿ ಗೊತ್ತಾದರೂ ಗೊತ್ತಾಗದಿರುವುದಕ್ಕಿಂತ ಮೇಲು.

ಈಗ ಫಂಗಸ್ ವಿಷಯ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕಿನಲ್ಲಿ ಉಗುರು ಬಿದ್ದ ಮಗುವಿಗೆ ಆಗುವ ನಿಜವಾದ ಹಾನಿ ಇಲ್ಲಿಯೇ ಎಂದು ನನ್ನ ಅನಿಸಿಕೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತದ ಗದ್ದೆಗಳು. ನಾಟಿಯ ದಿನಗಳಲ್ಲಿ ಹೆಣ್ಣುಮಕ್ಕಳ ಕೈಕಾಲು ಬೆಳಗಿನಿಂದ ಸಂಜೆಯವರೆಗೂ ಕೆಸರಿನಲ್ಲಿ. ಅವರಿಗೆ ಉಗುರುಸುತ್ತು, ಬೆರಳ ಸಂದಿಯ ಹುಣ್ಣು, ಉಗುರಿನ ಫಂಗಸ್ ನಿಜವಾಗಿಯೂ ಹೆಚ್ಚು. ಔಷಧಿ ಅಂಗಡಿಯವನ ಕಣ್ಣು ಅದಕ್ಕೇ ಒಗ್ಗಿರುತ್ತದೆ. ತಾಯಿಗೆ ಕೊಟ್ಟ ಮುಲಾಮನ್ನೇ ಮಗುವಿಗೂ ಕೊಡುತ್ತಾನೆ. ಆ ಟ್ಯೂಬಿನಲ್ಲಿ ಫಂಗಸ್ ಔಷಧಿಯ ಜೊತೆ ಜೋರಾದ ಸ್ಟೀರಾಯ್ಡ್ ಇರುವುದು ಮಾಮೂಲು. 2018ರಲ್ಲಿ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿ ಪಟ್ಟಿಯಲ್ಲೇ ಇದೆ, ಟ್ಯೂಬು ಕೌಂಟರಿನ ಮೇಲಿದೆ. ಇನ್ನೂ ಮುಂದೆ ಹೋದವರು ತಿಂಗಳುಗಟ್ಟಲೆ ನುಂಗುವ ಫಂಗಸ್ ಗುಳಿಗೆ ಬರೆದುಬಿಡುತ್ತಾರೆ. ಆ ತಿಂಗಳುಗಳಲ್ಲಿ ಉಗುರು ತಾನಾಗಿಯೇ ಬೆಳೆದಿರುತ್ತದೆ, ಹೆಸರು ಗುಳಿಗೆಗೆ ಹೋಗುತ್ತದೆ, ಮುಂದಿನ ಮಗುವಿಗೂ ಅದೇ ಗುಳಿಗೆ.

ಚಿಕ್ಕ ಮಕ್ಕಳಿಗೆ ಉಗುರಿನ ಫಂಗಸ್ ಅಪರೂಪ. ಬಂದರೂ ನೋಟವೇ ಬೇರೆ. ಅದು ತುದಿಯಿಂದ ಇಲ್ಲವೆ ಅಂಚಿನಿಂದ ಶುರುವಾಗುತ್ತದೆ, ಒಂದೆರಡು ಉಗುರಿಗೆ, ಹಳದಿಯಾಗಿ ದಪ್ಪವಾಗಿ ಪುಡಿಪುಡಿಯಾಗುತ್ತದೆ. ವೈರಾಣುವಿನ ನಂತರದ್ದು ಬುಡದಿಂದ ಎದ್ದು, ಒಮ್ಮೆಗೇ ಹಲವು ಬೆರಳಿಗೆ ಬರುತ್ತದೆ. ಮೆಲ್ಲಗೆ ಎತ್ತಿ ನೋಡಿದರೆ ಅಡಿಯಲ್ಲಿ ತೆಳ್ಳನೆಯ ಹೊಸ ಉಗುರು ಆಗಲೇ ಹೊರಟಿರುತ್ತದೆ. ಅನುಮಾನ ಉಳಿದರೆ ಉಗುರನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಅಗ್ಗದ ಪರೀಕ್ಷೆ ಉಂಟು. ಅದನ್ನು ಮಾಡದೆ ಫಂಗಸ್ ಗುಳಿಗೆ ಶುರುಮಾಡಬಾರದು. ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಇಲ್ಲಿಂದ ಬಸ್ಸಿನಲ್ಲಿ ಎರಡು ತಾಸಿಗೂ ಹೆಚ್ಚು, ಕೂಲಿ ಬಿಟ್ಟು ಹೋಗಬೇಕು. ಆದ್ದರಿಂದ ಯಾವುದಕ್ಕೆ ಹೋಗಬೇಕಿಲ್ಲ ಎಂದು ತಿಳಿದಿರುವುದೂ ಒಂದು ಉಳಿತಾಯ.

ಅರ್ಧ ಎದ್ದ ಉಗುರನ್ನು ಕಿತ್ತು ತೆಗೆಯಬಾರದು. ಬಟ್ಟೆಗೆ ಸಿಕ್ಕದಂತೆ ಎದ್ದಷ್ಟನ್ನೇ ಕತ್ತರಿಸಬೇಕು. ಮಂಗಳವಾರ, ಶುಕ್ರವಾರ, ಮುಸ್ಸಂಜೆ ಉಗುರು ತೆಗೆಯಬಾರದೆಂಬ ಶಾಸ್ತ್ರ ಇರುವ ಮನೆಯಲ್ಲಿ ಒಂದು ತುಂಡು ಪಟ್ಟಿ ಸುತ್ತಿ ಬುಧವಾರದವರೆಗೆ ಕಾಯ್ದರೂ ಏನೂ ಮುಳುಗಿಹೋಗುವುದಿಲ್ಲ.

ಉಗುರುಸುತ್ತಿಗೆ ನಿಂಬೆಹಣ್ಣಿಗೆ ತೂತು ಕೊರೆದು, ಅರಿಸಿನ ತುಂಬಿ ಬೆರಳಿಗೆ ಟೊಪ್ಪಿಗೆ ಹಾಕುವುದು ಎಲ್ಲರಿಗೂ ಗೊತ್ತು. ದೊಡ್ಡವರು ಹಾಕಿಕೊಳ್ಳಲಿ. ಆದರೆ ಬೆರಳು ಚೀಪುವ ಮಗುವಿನ ಬೆರಳಿನಲ್ಲಿ ಒತ್ತೊತ್ತಾಗಿ ನೀರುಗುಳ್ಳೆ ಎದ್ದು ವಿಪರೀತ ನೋವಿದ್ದರೆ ಅದು ಹರ್ಪಿಸ್ ವೈರಾಣು ಇರಬಹುದು. ಬಾಯಿಯ ಹುಣ್ಣಿನಿಂದ ಬೆರಳಿಗೆ ಇಳಿದಿರುತ್ತದೆ. ಕೀವೆಂದು ತಿಳಿದು ಅದನ್ನು ಕೊಯ್ಯಿಸಿದರೆ ಗಾಯ ಇನ್ನಷ್ಟು ಕೆಡುತ್ತದೆ.

ಕ್ಯಾಲ್ಸಿಯಂ ವಿಷಯ ಬೇಗ ಮುಗಿಯುತ್ತದೆ. ಗದ್ದೆಯ ಮೇಲೆ ಬೆಳ್ಳಕ್ಕಿ ಸಾಲು ಹಾರಿದಾಗ ಮಕ್ಕಳು ಉಗುರು ಉಗುರಿಗೆ ಉಜ್ಜಿ ಕೇಳಿಕೊಳ್ಳುವ ಬಿಳಿ ಚುಕ್ಕಿಗಳಿವೆಯಲ್ಲ, ಅವು ಹೆಚ್ಚಾಗಿ ಸಣ್ಣಪುಟ್ಟ ಪೆಟ್ಟಿನ ಗುರುತು, ಕ್ಯಾಲ್ಸಿಯಂ ಕೊರತೆಯದಲ್ಲ. ಕಬ್ಬಿಣದ ಮಾತು ಬೇರೆ. ಉಗುರು ತೆಳ್ಳಗಾಗಿ, ನಡುವೆ ತಗ್ಗಾಗಿ, ಒಂದು ಹನಿ ನೀರು ನಿಲ್ಲುವಷ್ಟು ಗುಳಿಬಿದ್ದರೆ ರಕ್ತಹೀನತೆ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತ ಕಮ್ಮಿ. ಹಾಲುಗೂಸುಗಳ ಕಾಲುಗುರು ಸಹಜವಾಗಿಯೇ ಗುಳಿಯಾಗಿರುತ್ತದೆ, ಅದಕ್ಕೆ ಗಾಬರಿ ಬೇಡ, ಕೈಯನ್ನು ನೋಡಿ.

ಇನ್ನೊಂದು ಗೆರೆಯಿದೆ, ಅದನ್ನು ಈ ಸೀಮೆಯಲ್ಲಿ ಬರೆಯುವವನು ಬಿಡುವಂತಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಿಂದ ಮಸ್ಕಿಯವರೆಗೆ ನೆಲದಡಿ ಚಿನ್ನದ ಕಲ್ಲಿನ ಪಟ್ಟಿ ಹಾಯ್ದಿದೆ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡುಹಿಡಿದ ಬೀಡನ್ ಸಹ ಚಿನ್ನದ ಗಣಿಯ ಎಂಜಿನಿಯರೇ. ಚಿನ್ನದ ಕಲ್ಲಿನ ಜೊತೆ ಆರ್ಸೆನಿಕ್ ಖನಿಜವೂ ಇರುತ್ತದೆ, ಅದು ಅಂತರ್ಜಲಕ್ಕೆ ಇಳಿಯಬಲ್ಲದು. ನೆರೆಯ ಯಾದಗಿರಿ ಜಿಲ್ಲೆಯ ಮಂಗಳೂರು ಚಿನ್ನದ ಗಣಿಯ ಬಳಿ ಕಿರದಳ್ಳಿ ತಾಂಡಾದ ಜನರ ಅಂಗೈ–ಅಂಗಾಲು ಗಂಟುಗಟ್ಟಿ, ಮೈಮೇಲೆ ಚುಕ್ಕೆ ಬಿದ್ದದ್ದು ಈ ವಿಷದಿಂದಲೇ ಎಂದು ಸಂಶೋಧಕರು ತೋರಿಸಿದ್ದಾರೆ. ಆರ್ಸೆನಿಕ್ ಒಮ್ಮೆಗೇ ಹೆಚ್ಚು ಸೇರಿದರೆ ಉಗುರಿನಲ್ಲಿ ಅಡ್ಡಲಾಗಿ ಬಿಳಿ ಪಟ್ಟಿ ಮೂಡುತ್ತದೆ. 1919ರಲ್ಲಿ ಅದನ್ನು ವಿವರಿಸಿದ ಡಚ್ ವೈದ್ಯ ಮೀಸ್ ಹೆಸರು ಅದಕ್ಕಿದೆ. ಬೋ ಗೆರೆಯನ್ನು ಬೆರಳಿನಿಂದ ಸವರಿದರೆ ತಗ್ಗು ತಗಲುತ್ತದೆ, ಮೀಸ್ ಪಟ್ಟಿ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಗಲುವುದಿಲ್ಲ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಸೇರಿದರೆ ಪಟ್ಟಿ ಬಾರದೆಯೂ ಇರಬಹುದು. ಉಗುರು ಸುಮ್ಮನಿದ್ದು ಅಂಗೈ ಮಾತ್ರ ಒರಟಾಗಬಹುದು. ಆಗ ಉಗುರಿನ ತುಣುಕನ್ನೇ ಪ್ರಯೋಗಾಲಯಕ್ಕೆ ಕಳಿಸಿ ವಿಷದ ಪ್ರಮಾಣ ಅಳೆಯುತ್ತಾರೆ. ಒಂದು ಮನೆಯ ಚಿಕ್ಕವರು ದೊಡ್ಡವರು ಎಲ್ಲರಲ್ಲೂ ಹೀಗೆ ಕಂಡರೆ ವೈರಾಣುವಿನ ಮಾತು ಬಿಟ್ಟು ಕುಡಿಯುವ ಬೋರ್ ನೀರನ್ನು ಪರೀಕ್ಷೆಗೆ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ.

ಕೊನೆಗೆ ಅಂಗನವಾಡಿಯ ಪ್ರಶ್ನೆ. ಉಗುರು ಬೀಳುತ್ತಿರುವ ಮಗುವನ್ನು ‘ಅಂಟುತ್ತದೆ’ ಎಂದು ಮನೆಗೆ ಕಳಿಸುವುದುಂಟು, ಗುಳ್ಳೆ ಹಸಿಯಿದ್ದ ವಾರದಲ್ಲಿ ಅದೇ ಮಗು ಅದೇ ಲೋಟದಲ್ಲಿ ನೀರು ಕುಡಿದಿರುತ್ತದೆ. ತಡೆಯಬೇಕಾದದ್ದು ಆ ವಾರದಲ್ಲಿ: ಜ್ವರ ಬಿಟ್ಟು ಗುಳ್ಳೆ ಒಣಗುವವರೆಗೆ. ಮಲದಲ್ಲಿ ವೈರಾಣು ಇನ್ನೂ ಕೆಲವು ವಾರ ಹೋಗುತ್ತಿರುತ್ತದೆ, ಆದ್ದರಿಂದ ಮಗುವಿನ ಕುಂಡಿ ತೊಳೆದ ಕೈಯನ್ನು ಸಾಬೂನಿನಿಂದ ತೊಳೆಯುವುದು ಮುಖ್ಯ. ಕೋವಿಡ್ ಕಾಲದಿಂದ ಉಳಿದ ಸ್ಯಾನಿಟೈಸರ್ ಬಾಟಲಿಗೆ ಈ ವೈರಾಣು ಅಷ್ಟಾಗಿ ಬಗ್ಗುವುದಿಲ್ಲ, ಸಾಬೂನು ಮತ್ತು ಹರಿಯುವ ನೀರೇ ಬೇಕು. ಚೀನಾದಲ್ಲಿ ಎಂಟೆರೋವೈರಾಣು 71ಕ್ಕೆ ಲಸಿಕೆ ಇದೆ. ಅದು ಎ6ನ್ನು ತಡೆಯುವುದಿಲ್ಲ, ನಮ್ಮ ಲಸಿಕೆ ಪಟ್ಟಿಯಲ್ಲೂ ಇಲ್ಲ. ಕೈಯುಗುರು ನಾಲ್ಕರಿಂದ ಆರು ತಿಂಗಳಲ್ಲಿ ಪೂರ್ತಿ ಬರುತ್ತದೆ, ಕಾಲಿನ ಹೆಬ್ಬೆರಳಿಗೆ ವರ್ಷ ಹಿಡಿದೀತು. ಅಷ್ಟು ದಿನವೂ ಮಗು ಅಂಗನವಾಡಿಗೆ ಹೋಗಬಹುದು, ಕೆಸರಿನಲ್ಲಿ ಆಡಬಹುದು.